ಕಾಲೇಜಿಗೆ ಹೋಗದ ಬಿ.ಇಡಿ ಬೇಕಾ?

ಪ್ರಶ್ನೆ: ನನಗೆ 31 ವರ್ಷ, ಊರು ಕಾಪು. ಬಿಎಸ್ಸಿ ಆಗಿದೆ. ಐದು ವರ್ಷದಿಂದ ಒಂದು ಖಾಸಗಿ ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ಗಣಿತ ಕಲಿಸುತ್ತಿದ್ದೇನೆ. ಬಿ.ಇಡಿ ಆಗಿಲ್ಲ. ಇಲಾಖೆಯವರು ದಾಖಲೆ ಕೇಳುತ್ತಿದ್ದಾರೆ, ಬೇಗ ಸರ್ಟಿಫಿಕೇಟ್ ತನ್ನಿ ಎಂದು ಹೆಡ್‌ಮಿಸ್ ಒತ್ತಾಯ ಮಾಡುತ್ತಿದ್ದಾರೆ. ಹೊರರಾಜ್ಯದ ಕಾಲೇಜಿಗೆ ಸೇರಿ, ಪರೀಕ್ಷೆಗೆ ಮಾತ್ರ ಹೋಗಿ ಬಂದರೆ ಸಾಕಂತೆ. ಏಜೆಂಟರ ನಂಬರನ್ನೂ ಅವರೇ ಕೊಟ್ಟರು. ದುಡ್ಡು ಕಂತಿನಲ್ಲಿ ಕಟ್ಟಬಹುದು. ಜೊತೆಯ ಟೀಚರೊಬ್ಬರು ಹೀಗೇ ಮಾಡಿದರು, ಅವರ ಸಂಬಳ ಏರಿತು. ಅವರ ಪಾಠ ಯೋಜನೆ ಬರೆದುಕೊಟ್ಟವಳು ನಾನು! "ಐದು ವರ್ಷ ಪಾಠ ಮಾಡಿದವಳಿಗೆ ಅಲ್ಲಿ ಹೊಸದೇನು ಕಲಿಸ್ತಾರೆ?" ಎನ್ನುತ್ತಾರೆ ನಮ್ಮವರು. ನನಗೆ ಕೂತು ಓದಬೇಕೆಂಬ ಆಸೆ. ಆದರೆ ಎರಡು ವರ್ಷ ಸಂಬಳ ಇಲ್ಲ, ಮಗನಿಗೆ ಇನ್ನೂ ಆರು ವರ್ಷ. ಅತ್ತೆ ಅವನನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಕಾಪು

ಉತ್ತರ: ಆ ಏಜೆಂಟರಿಗೆ ಫೋನ್ ಮಾಡಬೇಡಿ. ಮಾಡಿದ್ದರೆ ಅಡ್ವಾನ್ಸ್ ಅಂತೂ ಕೊಡಲೇಬೇಡಿ.

ಇದು ಬರೀ ಸರಿ ತಪ್ಪಿನ ಮಾತಲ್ಲ, ಲೆಕ್ಕದ ಮಾತು. ನೀವು ಗಣಿತದ ಟೀಚರ್, ಬೇಗ ಅರ್ಥವಾಗುತ್ತದೆ. 2015ರಿಂದ ಬಿ.ಇಡಿ ಎರಡು ವರ್ಷದ ಕೋರ್ಸು. ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ ಪ್ರಕಾರ ತರಗತಿಗೆ ಕನಿಷ್ಠ ಶೇ. 80 ಹಾಜರಿ ಬೇಕು, ಶಾಲಾ ಇಂಟರ್ನ್‌ಶಿಪ್ಪಿಗೆ ಶೇ. 90. ಏಜೆಂಟರು ತರಿಸಿಕೊಡುವ ಸರ್ಟಿಫಿಕೇಟಿನ ಹಿಂದೆ ನೀವು ಅಲ್ಲಿ ಅಷ್ಟು ದಿನ ಕೂತಿದ್ದೀರಿ ಎಂಬ ದಾಖಲೆ ಇರಲೇಬೇಕು. ಅವೇ ದಿನಗಳಲ್ಲಿ ಇಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ ಇರುತ್ತದೆ, ಸಂಬಳದ ಲೆಕ್ಕವೂ ಇರುತ್ತದೆ. ನಾಳೆ ಒಳ್ಳೆಯ ಕೆಲಸಕ್ಕೆ ಅರ್ಜಿ ಹಾಕುವಾಗ ಬಿ.ಇಡಿ ಅಂಕಪಟ್ಟಿಯನ್ನೂ ಅನುಭವ ಪತ್ರವನ್ನೂ ಒಟ್ಟಿಗೆ ಇಡುತ್ತೀರಿ. ಎರಡರಲ್ಲೂ ವರ್ಷ ಒಂದೇ. ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಆಗ ಏಜೆಂಟರೂ ಸಿಗುವುದಿಲ್ಲ, ಹೆಡ್‌ಮಿಸ್ಸೂ ಸಿಗುವುದಿಲ್ಲ.

ಬೇಕಾದರೆ ಹೀಗೊಂದು ಪರೀಕ್ಷೆ ಮಾಡಿ ನೋಡಿ. "ಈ ಸರ್ಟಿಫಿಕೇಟನ್ನು ಶಾಲೆ ಒಪ್ಪುತ್ತದೆ ಎಂದು ಒಂದು ಪತ್ರ ಬರೆದುಕೊಡಿ ಮಿಸ್" ಎಂದು ಕೇಳಿ. ಕೊಡುವುದಿಲ್ಲ, ಬಿಡಿ.

ಅವರ ಅವಸರಕ್ಕೆ ಕಾರಣ ಇಲ್ಲದಿಲ್ಲ. ಎಂಟನೇ ಕ್ಲಾಸಿನವರೆಗೆ ಪಾಠ ಮಾಡುವವರಿಗೆ ತರಬೇತಿ ಕಡ್ಡಾಯ. ಶಿಕ್ಷಣ ಹಕ್ಕು ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ, ಆಗಲೇ ಕೆಲಸದಲ್ಲಿದ್ದವರಿಗೆ 2019ರ ಮಾರ್ಚ್ 31ರವರೆಗೆ ಗಡುವು ಕೊಟ್ಟಿದ್ದರು. ನಿಮ್ಮನ್ನು ತೆಗೆದುಕೊಂಡದ್ದು ಅದೆಲ್ಲ ಮುಗಿದ ಮೇಲೆ. ಅಂದರೆ ತಪ್ಪು ಮೊದಲು ಶಾಲೆಯದು. ಅದನ್ನು ಮುಚ್ಚುವ ಖರ್ಚು ನಿಮ್ಮ ತಲೆಗೆ ಯಾಕೆ?

ಆ ಸಹೋದ್ಯೋಗಿಯ ವಿಷಯ ಬಿಟ್ಟುಬಿಡಿ. ಪಾಠ ಯೋಜನೆ ಮಾತ್ರ ಇನ್ನು ಬರೆದುಕೊಡಬೇಡಿ.

ಇನ್ನು ನಿಮ್ಮ ಯಜಮಾನರ ಪ್ರಶ್ನೆ. ಅದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಎಲ್ಲ ಬಿ.ಇಡಿ ಕಾಲೇಜಿನಲ್ಲೂ ಅದ್ಭುತ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ರೆಕಾರ್ಡ್ ಬರೆದು ಬರೆದು ಬೆರಳು ನೋಯುತ್ತದೆ, ಚಾರ್ಟು ಥರ್ಮಾಕೋಲಿಗೆ ದುಡ್ಡು ಹೋಗುತ್ತದೆ. ಆದರೂ ಹೊಸದು ಏನೆಂದು ಕೇಳಿದರೆ ಹೇಳುತ್ತೇನೆ. ಆರನೇ ಕ್ಲಾಸಿನ ಹುಡುಗ 1/2 + 1/3 = 2/5 ಎಂದು ಬರೆಯುತ್ತಾನೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. ನಾವು ಕೆಂಪು ಪೆನ್ನಲ್ಲಿ ಗೀಟು ಹಾಕಿ, ಛೇದ ಸಮ ಮಾಡುವ ಕ್ರಮವನ್ನು ಮತ್ತೊಮ್ಮೆ ಬೋರ್ಡಿನಲ್ಲಿ ಬರೆದು ಮುಂದೆ ಹೋಗುತ್ತೇವೆ, ಅಲ್ವಾ? ಮುಂದಿನ ವಾರ ಅವನು ಮತ್ತೆ 2/5 ಬರೆಯುತ್ತಾನೆ. ಅದರ ಬದಲು, "ಅರ್ಧ ಬನ್ಸ್ ತಿಂದೆ, ಮೇಲೆ ಇನ್ನೂ ಮೂರನೇ ಒಂದು ಭಾಗ ತಿಂದೆ. ಒಟ್ಟು ಅರ್ಧಕ್ಕಿಂತ ಕಡಿಮೆ ಆಗ್ತದಾ ಮಾರಾಯ?" ಎಂದು ಕೇಳಿ ಸುಮ್ಮನೆ ನಿಲ್ಲಬೇಕು. ಅವನೇ ತಲೆ ಕೆರೆದುಕೊಳ್ಳುತ್ತಾನೆ.

ಆ ಸುಮ್ಮನೆ ನಿಲ್ಲುವುದು ಇದೆಯಲ್ಲ, ಅದಕ್ಕೇ ಅಭ್ಯಾಸ ಬೇಕು. ಪ್ರಶ್ನೆ ಕೇಳಿ ನಾವೇ ಉತ್ತರ ಹೇಳಿಬಿಡುವ ಚಾಳಿ ಅನುಭವಿ ಟೀಚರುಗಳಿಗೇ ಜಾಸ್ತಿ. ಬಿ.ಇಡಿಯ ಸೂಕ್ಷ್ಮ ಬೋಧನೆಯಲ್ಲಿ ಐದಾರು ನಿಮಿಷದ ಪಾಠ, ಒಂದೇ ಕೌಶಲ. ಪ್ರಶ್ನೆ ಕೇಳುವುದು ಮಾತ್ರ, ಅಥವಾ ಬೋರ್ಡ್ ಬಳಸುವುದು ಮಾತ್ರ. ಎದುರು ಕೂತವರು ನಿಮ್ಮದೇ ಸಹಪಾಠಿಗಳು. ಮುಗಿದ ಕೂಡಲೇ ಎಲ್ಲಿ ತಪ್ಪಿತು ಎಂದು ಹೇಳುತ್ತಾರೆ, ನೀವು ತಿದ್ದಿಕೊಂಡು ಅದೇ ಪಾಠವನ್ನು ಮತ್ತೆ ಮಾಡುತ್ತೀರಿ. ಐದು ವರ್ಷದಲ್ಲಿ ನಿಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಯಾರಾದರೂ ಹೀಗೆ ನೋಡಿ ಹೇಳಿದ್ದಾರಾ? ಯಜಮಾನರಿಗೆ ಇದನ್ನೇ ಹೇಳಿ.

ದೂರಶಿಕ್ಷಣ ಆಗಲಿಕ್ಕಿಲ್ಲವಾ ಎಂದು ಕೇಳಬಹುದು. ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಬಿ.ಇಡಿ ಇರುವುದು ಡಿ.ಎಲ್.ಇಡಿಯಂಥ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ತರಬೇತಿ ಮೊದಲೇ ಆದವರಿಗೆ. ನಿಮಗೆ ಅದು ಸಿಗುವುದಿಲ್ಲ. ಹಾಗಾಗಿ ರೆಗ್ಯುಲರ್ ಕೋರ್ಸೇ ದಾರಿ. ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಕಾಲೇಜಿದೆ. ಮಂಗಳೂರಿಗೆ ಹೋದರೆ ಸರ್ಕಾರಿ ಶಿಕ್ಷಕರ ಶಿಕ್ಷಣ ಕಾಲೇಜು, ಸಂತ ಆನ್ಸ್, ಸಂತ ಅಲೋಶಿಯಸ್. ಕಾಪುವಿನಿಂದ ಉಡುಪಿಯೇ ಹತ್ತಿರ, ಸರ್ವಿಸ್ ಬಸ್ಸಿಗೆ ಬರವಿಲ್ಲ. ಸರ್ಕಾರಿ ಕೋಟಾದ ಸೀಟು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿಯಲ್ಲಿ, ಡಿಗ್ರಿ ಅಂಕದ ಮೇಲೆ ಹಂಚಿಕೆಯಾಗುತ್ತದೆ. ಜಾತಿ–ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮದ ಪತ್ರಗಳಲ್ಲಿ ನಿಮಗೆ ಅನ್ವಯಿಸುವುದನ್ನು ಈಗಲೇ ಮಾಡಿಸಿಡಿ. ಅಧಿಸೂಚನೆ ಬಂದ ಮೇಲೆ ನಾಡಕಚೇರಿಗೆ ಓಡಿದರೆ ಆಗುವುದಿಲ್ಲ.

ಸಂಬಳದ ಪೆಟ್ಟು ನಿಜ. ಸಂಜೆ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದರೆ ಒಂದಷ್ಟು ತುಂಬುತ್ತದೆ, ಪೂರ್ತಿ ಅಲ್ಲ. ಏಜೆಂಟರಿಗೆ ಕೊಡಬೇಕಿದ್ದ ಕಂತನ್ನು ಇಂದಿನಿಂದಲೇ ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಕೋರ್ಸ್ ಮುಗಿದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪತ್ರಿಕೆ ಪಾಸಾದರೆ ಆರರಿಂದ ಎಂಟನೇ ಕ್ಲಾಸಿನ ಸರ್ಕಾರಿ ಹುದ್ದೆಗೂ ಅರ್ಜಿ ಹಾಕಬಹುದು. 150 ಅಂಕದ ಪತ್ರಿಕೆ, ಅದರಲ್ಲಿ 60 ಗಣಿತ ಮತ್ತು ವಿಜ್ಞಾನಕ್ಕೆ. ಪಾಸಾದ ಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ.

ಅತ್ತೆಯ ಮಾತನ್ನು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಅದೇ. ಎರಡನೇ ವರ್ಷ 16 ವಾರ ಇಂಟರ್ನ್‌ಶಿಪ್ ಇರುತ್ತದೆ, ಬೆಳಿಗ್ಗೆ ಬೇಗ ಹೊರಡಬೇಕಾಗುತ್ತದೆ, ರಾತ್ರಿ ಬರೆಯುವ ಕೆಲಸ ಇರುತ್ತದೆ. ಇದನ್ನೆಲ್ಲ ಅತ್ತೆಗೆ ಮುಂಚೆಯೇ ಬಿಡಿಸಿ ಹೇಳಿ, ಯಜಮಾನರು ಪಕ್ಕದಲ್ಲಿ ಕೂತಿರುವಾಗಲೇ ಹೇಳಿ.