ಮೈಸೂರಿನಲ್ಲಿ ಮನೆ ಲೇತ್‌ಗೆ ಕಡಿಮೆ ದುಡ್ಡಲ್ಲಿ ಲೋಹ ಎಲ್ಲಿ ಸಿಗುತ್ತೆ?

ಮನೆಯಲ್ಲಿ ಪುಟ್ಟ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇದೆ, ಸ್ಟೀಲ್ ಅಂಗಡಿಯವರು ಇಡೀ ರಾಡ್ ತಗೊಳ್ಳಿ ಅಂತಾರೆ, ಗುಜರಿಯಿಂದ ತಂದ ತುಂಡುಗಳು ಟೂಲ್ ಮೊನೆಯನ್ನೇ ತಿಂದುಹಾಕ್ತಿವೆ ಅಂತ ಬರೆದಿದ್ದೀರಿ. ನನ್ನ ಸಲಹೆ: ಗುಜರಿಗೆ ಕೊನೆಗೆ ಹೋಗಿ, ಮೊದಲು ದಿನಾ ರಾಡ್ ಕತ್ತರಿಸುವವರ ಹತ್ತಿರ ಹೋಗಿ.

ನಮ್ಮ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಕಡೆ ಲೇತ್ ಕೆಲಸ ಮಾಡುವ ಸಣ್ಣ ಟರ್ನಿಂಗ್ ಶಾಪ್‌ಗಳಿವೆ. ಮಂಡ್ಯದವರಿಗೆ ತೂಬಿನಕೆರೆ ಹತ್ತಿರ. ಉದ್ದದ ಬಾರನ್ನು ಗರಗಸದ ಯಂತ್ರವಾದ ಬ್ಯಾಂಡ್‌ಸಾದಲ್ಲಿ ಕತ್ತರಿಸುತ್ತಾ ಬಂದಾಗ ಕೊನೆಯ 50ರಿಂದ 150 ಮಿ.ಮೀ. ತುಂಡು ವೈಸ್‌ನಲ್ಲಿ ಹಿಡಿಯೋಕೆ ಸಿಗದೆ ಡ್ರಮ್‌ಗೆ ಬೀಳುತ್ತೆ. ಅವರಿಗೆ ಅದು ಕಸ, ನಿಮ್ಮ ಲೇತ್‌ಗೆ ಹದಿನಾರಾಣೆ ಸರಿಯಾದ ಅಳತೆ. ಎಲ್ಲಕ್ಕಿಂತ ಮುಖ್ಯ, ಅದರ ಗ್ರೇಡ್ ಗೊತ್ತಿರುತ್ತೆ. ಇಎನ್1ಎ ಅನ್ನೋ ಗ್ರೇಡಿನ ಉಕ್ಕು ಸಿಕ್ಕಿದರೆ ಬಿಡಬೇಡಿ. ಗಂಧಕ ಬೆರೆತಿರುವುದರಿಂದ ಚಿಪ್ಸ್ (ಕಡೆಯುವಾಗ ಬರುವ ಚೂರು) ಪುಡಿಪುಡಿಯಾಗಿ ಉದುರುತ್ತೆ, ಫಿನಿಶ್ ಚೆನ್ನಾಗಿ ಬರುತ್ತೆ. ವೆಲ್ಡಿಂಗ್‌ಗೆ ಮಾತ್ರ ಆಗಲ್ಲ. ಶಾಫ್ಟ್, ಪಿನ್ ಮಾಡೋಕೆ ಇಎನ್8 ಸಾಕು, ಅದರಲ್ಲಿ ಇಂಗಾಲ ಸುಮಾರು ಶೇ. 0.4. ತುದಿಗೆ ಬಣ್ಣ ಬಳಿದಿದ್ದರೆ ಅದು ಯಾವ ಗ್ರೇಡಿನ ಗುರುತು ಅಂತ ಅಲ್ಲೇ ಕೇಳಿ, ಒಂದೊಂದು ಶಾಪಿನಲ್ಲಿ ಒಂದೊಂದು ಬಣ್ಣ. ಮನೆಗೆ ತಂದ ಮೇಲೆ ಬಣ್ಣ ಇಲ್ಲದ ತುದಿಯಿಂದಲೇ ಕತ್ತರಿಸುತ್ತಾ ಹೋಗಿ.

ದರದ ವಿಷಯ. ಆ ದಿನ ಗುಜರಿಯವನು ಅವರಿಗೆ ಕಿಲೋಗೆ ಎಷ್ಟು ಕೊಡ್ತಾನೆ ಅಂತ ತಿಳಿದುಕೊಂಡು, ಅದರ ಮೇಲೆ ಕಾಲು ಭಾಗ ಹೆಚ್ಚು ಕೊಡ್ತೀನಿ ಅನ್ನಿ. ಲೋಡಿಂಗ್ ಗಡಿಬಿಡಿಯಲ್ಲಿ ಹೋದರೆ ಯಾರೂ ಮಾತಾಡಿಸಲ್ಲ. ತೂಕದ ಅಂದಾಜಿಗೆ, ದುಂಡು ರಾಡಿನ ವ್ಯಾಸವನ್ನು ಮಿ.ಮೀ.ನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್ ಉಕ್ಕಿನ ತೂಕ ಕಿಲೋದಲ್ಲಿ ಬರುತ್ತೆ. 50 ಮಿ.ಮೀ. ವ್ಯಾಸದ 200 ಮಿ.ಮೀ. ತುಂಡು ಹತ್ತಿರ ಹತ್ತಿರ 3.1 ಕಿಲೋ. ಅದೇ ಅಳತೆಯ ಅಲ್ಯೂಮಿನಿಯಂ 1 ಕಿಲೋ ಚಿಲ್ಲರೆ.

ಇಷ್ಟಾದರೂ ಬೇಕಾದ್ದು ಸಿಗದಿದ್ದಾಗ ಗುಜರಿ. ಅಲ್ಲಿ ಹೊಳಪು ನೋಡಬೇಡಿ, ಅದು ಮೊದಲು ಏನಾಗಿತ್ತು ಅಂತ ಕೇಳಿ. ನಮ್ಮ ಕಡೆ ರೈತರ ಪಂಪ್‌ಸೆಟ್ ಗುಜರಿ ಧಾರಾಳ. ಸಬ್‌ಮರ್ಸಿಬಲ್ ಪಂಪಿನ ಶಾಫ್ಟ್ ಸಾಮಾನ್ಯವಾಗಿ 410 ಸ್ಟೇನ್‌ಲೆಸ್, ಮ್ಯಾಗ್ನೆಟ್ ಹಿಡಿಯುತ್ತೆ, ಲೇತ್‌ನಲ್ಲಿ ತಕರಾರು ಕಡಿಮೆ. ಮೋಟರ್ ರಿವೈಂಡಿಂಗ್ ಅಂಗಡಿಯಲ್ಲೇ ವಿಚಾರಿಸಿದರೆ ಗುಜರಿಗೆ ಹೋಗುವ ಮೊದಲೇ ಸಿಗುತ್ತೆ. ಮಂಡ್ಯ, ಪಾಂಡವಪುರ ಸುತ್ತ ಆಲೆಮನೆ ಗಾಣಗಳ ಹಳೇ ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗುವ ಕಂಚಿನ ಬಳೆ) ಕಂಡರೆ ಕೈಗೆತ್ತಿಕೊಳ್ಳಿ. ಒಳಗೆ ಸವೆದಿದ್ದರೂ ಗೋಡೆ ದಪ್ಪ ಇದ್ದರೆ ಸಣ್ಣ ಬುಷ್‌ಗಳು ಬರುತ್ತವೆ. ಬೀಡು (ಎರಕದ ಕಬ್ಬಿಣ) ಬೇಕಾದರೆ ಲಾರಿ ಬ್ರೇಕ್ ಡ್ರಮ್. ಹಳೇ ಡ್ರಮ್ಮಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಊದಬೇಡಿ, ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲ ಕಟ್ ಮೇಲಿನ ಗಟ್ಟಿ ಪದರದ ಕೆಳಗಿಂದಲೇ ಹೋಗಬೇಕು, 1.5 ಮಿ.ಮೀ. ಆಳ, ನಿಧಾನ ಸ್ಪೀಡ್. ಮೇಲ್ಮೇಲೆ ಕೆರೆದರೆ ಟೂಲ್ ಸವೆಯುತ್ತೆ, ಬೀಡು ಹಾಗೇ ಇರುತ್ತೆ.

ನಿಮ್ಮ ಟೂಲ್ ಹೋಗ್ತಿರೋದಕ್ಕೆ ನನ್ನ ಮೊದಲ ಅನುಮಾನ ಗ್ಯಾಸ್ ಕಟಿಂಗ್ ಮೇಲೆ. ಗುಜರಿಯಲ್ಲಿ ದಪ್ಪನೆಯದನ್ನೆಲ್ಲ ಗ್ಯಾಸ್‌ನಲ್ಲೇ ಕತ್ತರಿಸ್ತಾರೆ. ಇಂಗಾಲ ಹೆಚ್ಚಿರುವ ಉಕ್ಕಾದರೆ ಆ ಅಂಚು ಬೇಗ ತಣಿದು ಗಾಜಿನ ಹಾಗೆ ಗಟ್ಟಿಯಾಗಿರುತ್ತೆ. ಆ ಕಡೆಯ 5 ಮಿ.ಮೀ.ಯನ್ನು ಗ್ರೈಂಡರ್‌ನಲ್ಲಿ ತೆಗೆದು ಆಮೇಲೆ ಲೇತಿನಲ್ಲಿ ತುಂಡು ಹಿಡಿಯುವ ಚಕ್‌ಗೆ ಕಟ್ಟಿ. ಎರಡನೇದು ಆಕ್ಸಲ್, ಶಾಕ್ ಅಬ್ಸಾರ್ಬರ್ ರಾಡ್, ಬೇರಿಂಗ್ ರೇಸ್. ಇವುಗಳ ಮೈ ಬೇಕಂತಲೇ ಗಟ್ಟಿ ಮಾಡಿದ್ದು. ಜೇಬಲ್ಲಿ ಒಂದು ಹಳೇ ಅರ ಇಟ್ಟುಕೊಂಡು ಹೋಗಿ. ಮೂಲೆಯಲ್ಲಿ ಉಜ್ಜಿದಾಗ ಕಚ್ಚಿದರೆ ತನ್ನಿ, ಜಾರಿದರೆ ಬಿಡಿ. ಟಿಎಂಟಿ ಕಂಬಿಯೂ ಬೇಡ, ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಒಂದೇ ಸಮ ಕತ್ತರಿಸಲ್ಲ.

ಲಾರಿಯ ಗಟ್ಟಿ ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್ ಬೇಕೇ ಬೇಕು ಅಂದರೆ ಮೆತ್ತಗೆ ಮಾಡಿಕೊಳ್ಳಬಹುದು. ಇದ್ದಲು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮ್ಯಾಗ್ನೆಟ್ ಹಿಡಿಯೋದು ನಿಂತ ಮೇಲೂ ಸ್ವಲ್ಪ ಬಿಸಿ ಏರಿಸಿ, ಒಣಗಿದ ಹೊಟ್ಟಿನ ಬೂದಿಯಲ್ಲಿ ಪೂರ್ತಿ ಹೂತು ಬೆಳಗಿನವರೆಗೆ ಬಿಡಿ. ಅಕ್ಕಿ ಗಿರಣಿಯವರು ಆ ಬೂದಿ ಕೊಡ್ತಾರೆ, ಶಾಖ ಹಿಡಿದಿಡೋಕೆ ಅದಕ್ಕಿಂತ ಒಳ್ಳೇದು ಈ ಕಡೆ ಸಿಗಲ್ಲ. ಸತುವಿನ ಲೇಪ ಇರುವ ಯಾವುದನ್ನೂ ಬೆಂಕಿಗೆ ಹಾಕಬೇಡಿ, ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತೆ.

ಬ್ರೈಟ್ ಬಾರ್ (ತಣ್ಣಗೆ ಎಳೆದ ಹೊಳಪಿನ ರಾಡ್) ಒಂದು ಬದಿಯಲ್ಲಿ ಕೀ-ವೇ (ಕೀಲಿ ಕೂರುವ ಉದ್ದನೆಯ ಗಾಡಿ) ತೆಗೆದ ತಕ್ಷಣ ಬಾಗಬಹುದು, ಎಳೆದಾಗಿನ ಒತ್ತಡ ಒಳಗೇ ಉಳಿದಿರುತ್ತೆ. ಅಂಥ ಕೆಲಸಕ್ಕೆ ಬಿಸಿಯಲ್ಲೇ ಉರುಳಿಸಿದ ಕಪ್ಪು ರಾಡ್ ವಾಸಿ. ಆದರೆ ಬೇಕಾದ ಅಳತೆಗಿಂತ 3-4 ಮಿ.ಮೀ. ದಪ್ಪನೆಯದನ್ನೇ ಆರಿಸಿ, ಮೇಲಿನ ಸಿಪ್ಪೆ, ತುಕ್ಕಿನ ಗುಳಿ ಅಷ್ಟರಲ್ಲಿ ಹೋಗುತ್ತೆ.

ಅಲ್ಯೂಮಿನಿಯಂ ಕಿಟಕಿ ಸೆಕ್ಷನ್ ಅಂಟಂಟು, ಸೀಮೆಎಣ್ಣೆ ಸವರಿದರೆ ಸುಧಾರಿಸುತ್ತೆ. ಅಲ್ಯೂಮಿನಿಯಂಗಿಂತಲೂ ಹಗುರ ಅನ್ನಿಸುವ ಎಂಜಿನ್ ಕವರ್ ಸಿಕ್ಕಿದರೆ ಒಂದು ಕಡೆ ಕೆರೆದು ವಿನಿಗರ್ ಹನಿ ಬಿಡಿ. ನೊರೆ ಬಂದರೆ ಮೆಗ್ನೀಷಿಯಂ. ಅದರ ಚಿಪ್ಸ್‌ಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಣ ಮರಳೇ ಗತಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಅನ್ನು ಹಾಗೇ ಕತ್ತರಿಸೋಕೆ ಹೋಗಬೇಡಿ, ಒಳಗಿನ ಒತ್ತಡಕ್ಕೆ ಎಣ್ಣೆ ಮುಖಕ್ಕೇ ಚಿಮ್ಮುತ್ತೆ.

ಕಬ್ಬಿಣ ಬಡಿಯುವ ಅಡಿಗಲ್ಲಿಗೆ (ಆನ್ವಿಲ್) ರೈಲು ಹಳಿಯ ತುಂಡು ತುಂಬಾ ಜನ ಕೇಳ್ತಾರೆ. ಹರಾಜಿನಲ್ಲಿ ಕೊಂಡ ಕಾಗದ ತೋರಿಸಿದರೆ ಮಾತ್ರ ತಗೊಳ್ಳಿ. ಕದ್ದ ರೈಲ್ವೆ ಸಾಮಾನು ಕೈಯಲ್ಲಿದ್ದರೆ 1966ರ ಕಾಯ್ದೆ ಪ್ರಕಾರ ಇಟ್ಟುಕೊಂಡವನ ಮೇಲೂ ಕೇಸು. ಅದರ ಬದಲು 40 ಮಿ.ಮೀ. ದಪ್ಪದ ಪ್ಲೇಟ್ ತುಂಡು ಕೇಳಿ, ಫ್ಯಾಬ್ರಿಕೇಷನ್ ಶಾಪ್‌ನಲ್ಲಿ ಬಿದ್ದಿರುತ್ತೆ.