ಕೆಲಸ ಮಾಡಿಯೇ ಸುಸ್ತು, ಮತ್ತೆ ವ್ಯಾಯಾಮ ಯಾಕೆ?

ಈ ಸಲದ ಮೂರೂ ಪ್ರಶ್ನೆಗಳು ಹಾಸನ ಜಿಲ್ಲೆಯಿಂದ ಬಂದಿವೆ. ಮೂವರ ಮಕ್ಕಳೂ ದೊಡ್ಡವರಾಗಿದ್ದಾರೆ. ಉತ್ತರ ಕೊಟ್ಟವರು ಫಿಸಿಯೋಥೆರಪಿಸ್ಟ್.

ಪ್ರಶ್ನೆ: ನನಗೆ 47 ವರ್ಷ, ಹಾಸನದ ವಿದ್ಯಾನಗರದಲ್ಲಿ ಮನೆ. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್, ಮಗಳು ಸೆಕೆಂಡ್ ಪಿಯುಸಿ. ಇಷ್ಟು ವರ್ಷ ಸ್ಕೂಲು, ಟ್ಯೂಷನ್ನು, ಡ್ಯಾನ್ಸ್ ಕ್ಲಾಸು ಅಂತ ಸ್ಕೂಟರಿನಲ್ಲಿ ಓಡಾಡಿದ್ದೇ ಆಯಿತು. ಈಗ ಮಗಳು ತಾನೇ ಹೋಗಿ ಬರುತ್ತಾಳೆ. ಸಂಜೆ ಹೊತ್ತು ಸುಮ್ನೆ ಕೂತಿರುತ್ತೇನೆ, ಮೊಬೈಲು ಇಲ್ಲಾಂದ್ರೆ ಸೀರಿಯಲ್ಲು. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತದೆ. ಡಾಕ್ಟರು ಎಕ್ಸ್‌ರೇ ನೋಡಿ, 'ಸ್ವಲ್ಪ ಸವೆತ ಶುರುವಾಗಿದೆ, ವಾಕಿಂಗ್ ಮಾಡಿ' ಎಂದರು. ಬೆಳಗ್ಗೆಯಿಂದ ಕಸ, ಪಾತ್ರೆ, ಬಟ್ಟೆ ಅಂತ ಮಾಡಿ ಸುಸ್ತಾಗಿರುತ್ತೆ. ಅದೇ ವ್ಯಾಯಾಮ ಅಲ್ವಾ? ವಾಕಿಂಗ್ ಎಷ್ಟೋ ಸಲ ಶುರು ಮಾಡಿ ಬಿಟ್ಟಿದ್ದೇನೆ. ಮಗಳು ಓದುತ್ತಾ ಕೂತಿರುವಾಗ ನಾನು ಆಚೆ ಹೋದರೆ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಹೈಸ್ಕೂಲಿನಲ್ಲಿ ಥ್ರೋಬಾಲ್ ಟೀಮಿನಲ್ಲಿದ್ದವಳು ನಾನು!

ಉತ್ತರ: ಮನೆಕೆಲಸವೂ ಲೆಕ್ಕಕ್ಕೆ ಬರುತ್ತದೆ, ಆದರೆ ಎಲ್ಲವೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಮಾಡಬೇಕು, ಅದರ ಜೊತೆಗೆ ವಾರದಲ್ಲಿ ಕಡಿಮೆ ಅಂದ್ರೂ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು. ಸಾಧಾರಣ ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಪಾತ್ರೆ ತೊಳೆಯುತ್ತಾ ನೀವು ಒಂದು ಇಡೀ ದೇವರನಾಮ ಹೇಳಿ ಮುಗಿಸಬಹುದು. ಹಾಗಾಗಿ ಅದು ಲೆಕ್ಕಕ್ಕಿಲ್ಲ. ಬಿರುಸಾಗಿ ನೆಲ ಒರೆಸಿದ್ದು, ನೆನೆದ ಬಟ್ಟೆಯ ಬಕೆಟ್ ಹೊತ್ತು ತಾರಸಿಗೆ ಹತ್ತಿದ್ದು ಲೆಕ್ಕಕ್ಕುಂಟು. ಒಂದೇ ಸಮನೆ ಹತ್ತು ನಿಮಿಷ ಆಗಬೇಕು ಅಂತ ಹಿಂದೆ ಹೇಳುತ್ತಿದ್ದರು. ಆ ಷರತ್ತನ್ನು ಈಗ ಕೈಬಿಟ್ಟಿದ್ದಾರೆ.

ನಿಮ್ಮ ವಿಷಯದಲ್ಲಿ ನನಗೆ ಕಾಣುವ ಕೊರತೆ ಎರಡನೆಯ ಭಾಗದ್ದು, ಬಲದ್ದು. 'ವಾಕಿಂಗ್ ಮಾಡಿ' ಎಂಬುದು ಒಳ್ಳೆಯ ಸಲಹೆಯೇ, ಆದರೆ ಅರ್ಧ ಸಲಹೆ. ಮೆಟ್ಟಿಲು ಹತ್ತುವಾಗ ಇರದ ನೋವು ಇಳಿಯುವಾಗ ಯಾಕೆ ಬರುತ್ತದೆ ನೋಡಿ. ಇಳಿಯುವಾಗ ಇಡೀ ಮೈಭಾರವನ್ನು ಒಂದೇ ಕಾಲು ತಡೆದು ಮೆಲ್ಲಗೆ ಕೆಳಗೆ ಬಿಡಬೇಕು. ಆ ಕೆಲಸ ತೊಡೆಯ ಮುಂಭಾಗದ ಸ್ನಾಯುವಿನದು. ಅದು ಸೋತಿದ್ದರೆ ಭಾರ ಮಂಡಿಚಿಪ್ಪಿನ ಹಿಂದೆ ಹೋಗಿ ಬೀಳುತ್ತದೆ. ದಿನವಿಡೀ ನಿಂತು ಕೆಲಸ ಮಾಡಿದರೆ ಕಾಲಿಗೆ ಆಯಾಸ ಆಗುತ್ತದೆ, ಆದರೆ ತೊಡೆಗೆ ಬಲ ಬರುವುದಿಲ್ಲ. ನಲವತ್ತು ದಾಟಿದ ಎಷ್ಟೋ ಹೆಂಗಸರು ನನ್ನ ಮುಂದಿನ ಕುರ್ಚಿಯಿಂದ ಏಳುವಾಗ ಎರಡೂ ಕೈಯನ್ನು ತೊಡೆಗೆ ಒತ್ತಿ, 'ಉಸ್ಸಪ್ಪಾ' ಅಂತಲೇ ಏಳುತ್ತಾರೆ. ಎಕ್ಸ್‌ರೇಗಿಂತ ನನಗೆ ಅದೇ ಜಾಸ್ತಿ ಹೇಳುತ್ತದೆ.

ಹಾಗಾಗಿ ಕುರ್ಚಿಯಿಂದಲೇ ಶುರು ಮಾಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಮುಂದಕ್ಕೆ ಸರಿದು ಅಂಚಿನಲ್ಲಿ ಕೂರಿ. ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ, ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಮುಂದಕ್ಕೆ ಬಾಗಿ ಎದ್ದು ನಿಲ್ಲಿ. ಮುಖ್ಯವಾದದ್ದು ಇನ್ನು ಮುಂದೆ ಇದೆ: ಕೂರುವಾಗ ದೊಪ್ಪನೆ ಕೂರಬೇಡಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ಇಳಿಯಿರಿ. ಮಂಡಿಗಳು ಒಳಗೆ ಒಂದಕ್ಕೊಂದು ತಾಗುವ ಹಾಗೆ ಬಾಗದಿರಲಿ, ಪಾದದ ಬೆರಳಿನ ನೇರಕ್ಕೇ ಇರಲಿ. ಎಂಟು ಸಲ ಮಾಡಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ದಿನ ಬಿಟ್ಟು ದಿನ ಸಾಕು. ಸುಲಭ ಅನಿಸಿದ ಮೇಲೆ ಒಂದೊಂದು ಕೈಯಲ್ಲೂ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಮಾಡುವಾಗ ಸ್ವಲ್ಪ ನೋವಿದ್ದರೆ ಹೆದರಬೇಡಿ. ಮಾರನೇ ದಿನ ಬೆಳಗ್ಗೆಗೆ ಇಳಿದಿರಬೇಕು, ಅಷ್ಟೇ. ಇಳಿಯದಿದ್ದರೆ ಎಣಿಕೆ ಕಡಿಮೆ ಮಾಡಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡ ಹಾಗಾದರೆ, ಇದ್ದಕ್ಕಿದ್ದಂತೆ ಕಾಲು ಕೈಕೊಟ್ಟರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಎರಡು ತಿಂಗಳಾದ ಮೇಲೆ ಮಗಳ ಕೈಗೆ ಮೊಬೈಲ್ ಕೊಟ್ಟು ಮೂವತ್ತು ಸೆಕೆಂಡ್ ಟೈಮ್ ಇಡಲು ಹೇಳಿ. ಅಷ್ಟರಲ್ಲಿ ಕೈ ಊರದೆ ಎಷ್ಟು ಸಲ ಪೂರ್ತಿ ಎದ್ದಿರಿ ಅಂತ ಎಣಿಸಿ. ವಯಸ್ಸಾದವರ ಕಾಲಿನ ಬಲ ನೋಡಲು ನಾವು ಮಾಡುವ ಪರೀಕ್ಷೆ ಇದು. 60ರಿಂದ 64ರ ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ನಿಮ್ಮ ವಯಸ್ಸಿಗೆ ಅದನ್ನು ಆರಾಮಾಗಿ ದಾಟಬೇಕು.

ಇದನ್ನು ಈಗಲೇ ಮಾಡಿ ಅಂತ ಒತ್ತಾಯಿಸಲು ಇನ್ನೊಂದು ಕಾರಣವಿದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಿದೆ. ಈಸ್ಟ್ರೋಜನ್ ಅನ್ನುವ ಹಾರ್ಮೋನು ಇಳಿದಾಗ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಮೈಭಾರ ಹೊತ್ತು ಮಾಡುವ ವ್ಯಾಯಾಮ ಮೂಳೆಗೆ ಆಧಾರ. ಊಟದಲ್ಲಿ ರಾಗಿಮುದ್ದೆ ಇದ್ದರೆ ಕ್ಯಾಲ್ಸಿಯಂ ಬಂತು, ಸರಿ. ಆದರೆ ಸ್ನಾಯುವಿಗೆ ಬೇಕಾದ್ದು ಪ್ರೋಟೀನ್. ಬಸ್ಸಾರು ಮಾಡಿದ ದಿನ ಕಾಳು ಪಲ್ಯವನ್ನೆಲ್ಲ ಮಕ್ಕಳಿಗೆ ಬಡಿಸಿ, ನೀವು ಬರೀ ಸಾರಿನಲ್ಲಿ ಮುದ್ದೆ ಮುಗಿಸಬೇಡಿ. ಹುರುಳಿ, ಅವರೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವು ನಿಮ್ಮ ತಟ್ಟೆಗೂ ಬೀಳಲಿ.

ವಾಕಿಂಗ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಹಾರಾಜ ಪಾರ್ಕ್ ಆದರೂ ಸರಿ, ನಿಮ್ಮ ಬೀದಿಯಾದರೂ ಸರಿ. ಹತ್ತು ಸಾವಿರ ಹೆಜ್ಜೆಯ ಚಿಂತೆ ಬಿಡಿ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹಬ್ಬಿದ ಸಂಖ್ಯೆ.

ಇನ್ನು ತಪ್ಪು ಮಾಡಿದ ಹಾಗೆ ಅನಿಸುವ ವಿಷಯ. ಪಿಯುಸಿ ಹುಡುಗಿಗೆ ಅಮ್ಮ ಬಾಗಿಲಾಚೆ ಕಾವಲು ಕೂತಿರಬೇಕಾಗಿಲ್ಲ. ಕೆಲವು ಮಕ್ಕಳಿಗೆ ಅದೇ ಜಾಸ್ತಿ ಟೆನ್ಷನ್. ನೀವು ವಾಕಿಂಗ್ ಬಿಟ್ಟದ್ದು ಸೋಮಾರಿತನದಿಂದ ಅಂತ ನನಗೆ ಅನಿಸುವುದಿಲ್ಲ. ಇಷ್ಟು ವರ್ಷ ನಿಮ್ಮ ಸಂಜೆಗೆ ಮಕ್ಕಳ ಟೈಮ್‌ಟೇಬಲ್ ಇತ್ತು, ಈಗ ಯಾವುದೂ ಇಲ್ಲ. 'ಟೈಮ್ ಸಿಕ್ಕಾಗ ಹೋಗ್ತೀನಿ' ಅಂದುಕೊಂಡರೆ ಆ ಟೈಮಿಗೆ ಸರಿಯಾಗಿ ಯಾರಾದರೂ ಮನೆಗೆ ಬರುತ್ತಾರೆ. ಐದರಿಂದ ಐದೂಮುಕ್ಕಾಲು ನಾನು ಇರಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಆ ಹೊತ್ತಿಗೆ ಕಾಫಿ ಬೇಕಾದವರು ಹಾಲು ಕಾಯಿಸಿಕೊಳ್ಳಲಿ.

ಥ್ರೋಬಾಲ್ ನೆನಪು ಮಾಡಿದ್ದೀರಿ, ನನಗೆ ಖುಷಿಯಾಯಿತು. ಕಾಲು ಗಟ್ಟಿಯಾದ ಮೇಲೆ, ಅಂದರೆ ಮೂರು ತಿಂಗಳು ಕಳೆದು, ಬಡಾವಣೆಯ ನಾಲ್ಕೈದು ಹೆಂಗಸರನ್ನು ಸೇರಿಸಿ ಭಾನುವಾರ ಆಡಿ. ಮೊದಲು ನೆಟ್ ಇಲ್ಲದೆ ನಿಂತಲ್ಲೇ ಎಸೆದು ಹಿಡಿಯಿರಿ, ಜಿಗಿಯುವುದು ಆಮೇಲೆ. ಆಟ ಬೇಡ ಅನಿಸಿದ ಭಾನುವಾರ ಸ್ಕೂಟರಿನಲ್ಲಿ ದೊಡ್ಡಗದ್ದವಳ್ಳಿಗೆ ಹೋಗಿ ಬನ್ನಿ. ಹಾಸನದಿಂದ ಬೇಲೂರು ಕಡೆಗೆ ಹದಿನೈದು ಕಿಲೋಮೀಟರಿನ ಆಸುಪಾಸು. ಹನ್ನೆರಡನೇ ಶತಮಾನದ ಶುರುವಿನಲ್ಲಿ ಕಟ್ಟಿದ ಲಕ್ಷ್ಮೀದೇವಿ ಗುಡಿ, ಪಕ್ಕದಲ್ಲೇ ಕೆರೆ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಅಲ್ಲಿರುವುದಿಲ್ಲ. ಯಾರನ್ನೂ ಎಲ್ಲಿಗೂ ಬಿಟ್ಟುಬರುವ ಕೆಲಸ ಇಲ್ಲದೆ ಸ್ಕೂಟರ್ ಓಡಿಸಿ ನೋಡಿ, ಅದರ ಮಜಾನೇ ಬೇರೆ.

ಪ್ರಶ್ನೆ: ವಯಸ್ಸು 52, ಚನ್ನರಾಯಪಟ್ಟಣದಲ್ಲಿ ಅಂಗಡಿ ಇದೆ. ಕಾಲೇಜಿನ ರಜೆಗೆ ಮಗ ಬಂದಾಗಲೆಲ್ಲ ಅವನ ಜೊತೆ ಶಟಲ್ ಆಡುತ್ತೇನೆ. ಮಾರನೇ ದಿನ ಹಿಮ್ಮಡಿಯ ಮೇಲೆ ಹಿಂದುಗಡೆ ಹಿಡಿದುಕೊಂಡಂತೆ ನೋವು. ಬರುವ ತಿಂಗಳು ಮನೆಮಂದಿಯೆಲ್ಲ ಶ್ರವಣಬೆಳಗೊಳದ ಬೆಟ್ಟ ಹತ್ತಬೇಕು ಅಂತಿದ್ದಾರೆ. ಹತ್ತಬಹುದಾ?

ಉತ್ತರ: ಮೀನಖಂಡವನ್ನೂ ಹಿಮ್ಮಡಿಯನ್ನೂ ಸೇರಿಸುವ ದಪ್ಪ ಪಟ್ಟಿಗೆ ಅಕಿಲಿಸ್ ಟೆಂಡನ್ ಅಂತಾರೆ. ವಾರವಿಡೀ ಗಲ್ಲಾ ಮೇಲೆ ಕೂತು, ಒಂದು ದಿನ ಇಪ್ಪತ್ತರ ಹುಡುಗನ ಎದುರು ಹಾರಿ ಸ್ಮ್ಯಾಶ್ ಹೊಡೆದರೆ ಮೊದಲು ಕೂಗುವುದು ಅದೇ. ಆಟ ನಿಲ್ಲಿಸಬೇಡಿ ಸಾರ್. ಮಗ ಜೊತೆಗೆ ಆಡಲು ಕರೆಯುವ ಕಾಲ ಇನ್ನೆಷ್ಟು ದಿನ ಇರುತ್ತೋ. ಆದರೆ ಅವನು ಊರಲ್ಲಿ ಇಲ್ಲದ ದಿನವೂ ಕಾಲಿಗೆ ಕೆಲಸ ಕೊಡಿ. ಅಂಗಡಿಯ ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಗೋಡೆ ಹಿಡಿದು ನಿಲ್ಲಿ. ಎರಡೂ ಕಾಲಿನಲ್ಲಿ ಹಿಮ್ಮಡಿ ಎತ್ತಿ, ನೋಯುವ ಕಾಲಿನ ಮೇಲೆ ಭಾರ ಹಾಕಿ ಮೆಲ್ಲಗೆ ಇಳಿಸಿ. ಹತ್ತು ಹನ್ನೆರಡು ಸಲ, ದಿನಕ್ಕೆ ಎರಡು ಹೊತ್ತು. ಪಟ್ಟಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲೇ ನೋವಿದ್ದರೆ ಮೆಟ್ಟಿಲು ಬೇಡ, ಸಮ ನೆಲದ ಮೇಲೇ ಮಾಡಿ. ವಾರಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಬೇಕು. ಆಡುವಾಗ ಹಿಂದಿನಿಂದ ಯಾರೋ ಹೊಡೆದ ಹಾಗೆ 'ಟಪ್' ಅಂದು, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಪಟ್ಟಿ ಹರಿದಿರಬಹುದು.

ಗೊಮ್ಮಟನಿರುವ ವಿಂಧ್ಯಗಿರಿ ಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕೊರೆದವು, ಬರಿಗಾಲಲ್ಲಿ ಹತ್ತಬೇಕು. ಈಗಿನಿಂದ ದಿನಾ ಸ್ವಲ್ಪ ಮೆಟ್ಟಿಲು ಹತ್ತಿಳಿದು ರೂಢಿ ಮಾಡಿಕೊಂಡರೆ ಹತ್ತಬಹುದು. ಬಿಸಿಲೇರಿದ ಮೇಲೆ ಬಂಡೆ ಕಾದು ಪಾದ ಸುಡುತ್ತದೆ, ಬೆಳಗ್ಗೆ ಬೇಗ ಹೋಗಿ. ಇಳಿಯುವಾಗ ಮಗನ ಜೊತೆ ಪಂದ್ಯ ಕಟ್ಟಬೇಡಿ. ಒಂದು ಮಾತು: ಬಿಪಿ, ಶುಗರ್ ನೋಡಿಸಿ ವರ್ಷ ಕಳೆದಿದ್ದರೆ ಮೊದಲು ನೋಡಿಸಿ. ಶುಗರ್ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಬರಿಗಾಲಲ್ಲಿ ಕಾದ ಬಂಡೆ ಬೇಡವೇ ಬೇಡ. ಹತ್ತುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಇಳಿದರೆ, 'ಗ್ಯಾಸು' ಅಂದುಕೊಂಡು ಮುಂದೆ ಹೋಗಬೇಡಿ. ಅಲ್ಲೇ ಕೂತು ಸಹಾಯ ಕರೆಯಿರಿ.

ಪ್ರಶ್ನೆ: ಸಕಲೇಶಪುರದ ಹತ್ತಿರ ತೋಟದ ಮನೆ. ಜೂನ್ ಬಂತೆಂದರೆ ಮಳೆ, ಜಿಗಣೆ. ಸೆಪ್ಟೆಂಬರ್ ತನಕ ಆಚೆ ನಡೆಯುವ ಹಾಗೇ ಇಲ್ಲ. ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದಾರೆ. ಏನು ಮಾಡಲಿ?

ಉತ್ತರ: ಮಳೆಗಾಲವನ್ನು ಬಲದ ವ್ಯಾಯಾಮಕ್ಕೆ ಇಟ್ಟುಕೊಳ್ಳಿ, ನಡಿಗೆಯನ್ನು ಬೇಸಿಗೆಗೆ ಬಿಡಿ. ಮೇಲೆ ಹೇಳಿದ ಕುರ್ಚಿಯ ವ್ಯಾಯಾಮ, ಹಿಮ್ಮಡಿ ಎತ್ತುವುದು, ಗೋಡೆಗೆ ಕೈ ಊರಿ ದಂಡ ಹೊಡೆಯುವುದು, ಇಷ್ಟಕ್ಕೆ ಜಗಲಿ ಧಾರಾಳ ಸಾಕು. ಉಸಿರು ಏರಬೇಕಾದರೆ ರೇಡಿಯೋ ಹಾಕಿ ಹತ್ತು ನಿಮಿಷ ಕುಣಿಯಿರಿ, ಮಕ್ಕಳೂ ಮನೆಯಲ್ಲಿಲ್ಲ, ನೋಡುವವರು ಯಾರು? ಸಂಜೆ ಮಕ್ಕಳ ಜೊತೆ ಫೋನಿನಲ್ಲಿ ಮಾತಾಡುವಾಗ ಕೂರದೆ ಪಡಸಾಲೆಯಲ್ಲಿ ಓಡಾಡುತ್ತಾ ಮಾತಾಡಿ. ಪಾಚಿ ಕಟ್ಟಿದ ಅಂಗಳಕ್ಕೆ ಹವಾಯಿ ಚಪ್ಪಲಿಯಲ್ಲಿ ಮಾತ್ರ ಇಳಿಯಬೇಡಿ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಮಣಿಕಟ್ಟಿನ ಮುರಿತಗಳಲ್ಲಿ ಹೀಗೆ ಅಂಗಳದಲ್ಲಿ ಜಾರಿ ಆದವು ಜಾಸ್ತಿ.