ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಬಯಲು ಡಿಜೆ ಕಾರ್ಯಕ್ರಮಕ್ಕೆ ಬರುವಾಗ ಏನು ಹಾಕಿಕೊಳ್ಳಬೇಕು, ಸೇಫಾಗಿ ಇರುವುದು ಹೇಗೆ?

ಮಂಗಳೂರಿನಿಂದ ತಂಗಿ ಜೊತೆ ಬರುತ್ತಿದ್ದೀರಿ. ಕಾರ್ಯಕ್ರಮ ಇರುವುದು ದೇವನಹಳ್ಳಿ ಕಡೆ ಬಯಲಲ್ಲಿ. ದಪ್ಪ ಸ್ವೆಟರ್ ತರಬೇಕಾ, ಕುಣಿಯುವಾಗ ಹೇಗಿದ್ದರೂ ಮೈ ಬಿಸಿಯಾಗುತ್ತಲ್ಲ ಅಂತ ಕೇಳಿದ್ದೀರಿ. ಕುಣಿಯುವಾಗ ಬಿಸಿಯಾಗುವುದು ನಿಜ. ಚಳಿ ಹಿಡಿಯುವುದು ಕುಣಿತ ನಿಂತ ಮೇಲೆ. ಹಾಗಾಗಿ ನಿಮ್ಮ ತಯಾರಿಯೆಲ್ಲ ರಾತ್ರಿ ಹತ್ತರ ನಂತರದ ಹೊತ್ತಿಗೆ ಇರಲಿ.

ಹತ್ತು ಯಾಕೆ ಅಂದರೆ, 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ಕೆಲವು ದಿನಗಳಿಗೆ ವಿನಾಯಿತಿ ಕೊಟ್ಟರೆ ಆ ಮಾತು ಬೇರೆ. ಅದಕ್ಕೇ ಇಲ್ಲಿ ಬಯಲು ಕಾರ್ಯಕ್ರಮಗಳು ಮಧ್ಯಾಹ್ನವೇ ಶುರುವಾಗುತ್ತವೆ. ಬಿಸಿಲು ಚುರುಕಾಗಿರುತ್ತದೆ, ಎಲ್ಲರೂ ತೆಳು ಟೀ-ಶರ್ಟಲ್ಲಿ ಬಂದಿರುತ್ತಾರೆ. ಹತ್ತಕ್ಕೆ ಸೌಂಡ್ ಕಟ್ ಆದ ತಕ್ಷಣ ಅಷ್ಟೂ ಜನ ಒಟ್ಟಿಗೆ ಹೊರಗೆ. ಗೇಟಿನಾಚೆ ಮಣ್ಣು ರಸ್ತೆ, ಗಾಳಿ, ಬೆವರಲ್ಲಿ ಒದ್ದೆಯಾದ ಬಟ್ಟೆ, ಫೋನ್ ಮೇಲೆ ಹಿಡಿದು ನೆಟ್‌ವರ್ಕ್ ಹುಡುಕುವ ಕೈಗಳು. ಕ್ಯಾಬ್ ಬುಕ್ ಆದರೂ ಡ್ರೈವರ್ ಫೋನ್ ಮಾಡಿ "ಗೇಟ್ ಹತ್ರ ಬರಕ್ಕಾಗಲ್ಲ ಸರ್, ಮೇನ್ ರೋಡಿಗೆ ನಡ್ಕೊಂಡು ಬನ್ನಿ" ಅನ್ನುತ್ತಾನೆ. ಹಲ್ಲು ಕಟಕಟ ಅನ್ನುವುದು ಅಲ್ಲಿ.

ಬೆಂಗಳೂರಿನ ಚಳಿ ಶಿಮ್ಲಾದ ಚಳಿಯಲ್ಲ, ಹೆದರಬೇಡಿ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿಯ ಕನಿಷ್ಠ ತಾಪಮಾನ 15-16 ಡಿಗ್ರಿ ಇರುವುದು ಸಾಮಾನ್ಯ. ದಾಖಲೆಯ ಕನಿಷ್ಠ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ಊರಿನ ಕಟ್ಟಡಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಬಯಲಲ್ಲಿ ಆ ಅನುಕೂಲ ಇಲ್ಲ. ಮೋಡವಿಲ್ಲದ ರಾತ್ರಿಯಾದರೆ ನೆಲದ ಬಿಸಿ ಬೇಗ ಮೇಲೆ ಹೋಗಿಬಿಡುತ್ತದೆ, ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದೆ. ಕರಾವಳಿ ಸೆಕೆಗೆ ಒಗ್ಗಿದ ಮೈಗೆ ಅಷ್ಟೇ ಸಾಕು.

ದಪ್ಪ ಸ್ವೆಟರ್ ಬೇಡ. ಸಂಜೆಯೆಲ್ಲ ಅದನ್ನು ಹೊತ್ತುಕೊಂಡು ತಿರುಗಬೇಕಾಗುತ್ತದೆ. ದೊಡ್ಡ ಬ್ಯಾಗನ್ನು ಸಾಮಾನ್ಯವಾಗಿ ಒಳಗೆ ಬಿಡುವುದೂ ಇಲ್ಲ. ಹತ್ತಿಯ ಬಟ್ಟೆ ಬೆವರು ಕುಡಿದು ಹಾಗೇ ಒದ್ದೆಯಾಗಿ ಉಳಿಯುತ್ತದೆ. ಮೈಗೆ ತಾಗುವ ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಬಹಳ ಬೇಗ ಬಿಸಿಯನ್ನು ಎಳೆದುಬಿಡುತ್ತದೆ. ಆದ್ದರಿಂದ ಒಳಗೆ ಓಟಗಾರರು ಹಾಕುವಂಥ ಬೇಗ ಒಣಗುವ ಟೀ-ಶರ್ಟ್ ಇರಲಿ. ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ, ಗಾಳಿ ತಡೆಯುವ ತೆಳು ಜರ್ಕಿನ್ ಒಂದು. ಇನ್ನೊಂದು ಒಣ ಟೀ-ಶರ್ಟನ್ನು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸಣ್ಣ ಬ್ಯಾಗಲ್ಲಿ ಇಟ್ಟುಕೊಳ್ಳಿ. ಕೊನೆಯ ಡಿಜೆ ಮುಗಿಸುವ ಹತ್ತು ನಿಮಿಷ ಮುಂಚೆ ಪಕ್ಕಕ್ಕೆ ಬಂದು ಮೈ ಒರೆಸಿ ಬಟ್ಟೆ ಬದಲಿಸಿಬಿಡಿ. ಆಗ ಟಾಯ್ಲೆಟ್ ಹತ್ತಿರ ಕ್ಯೂನೂ ಇರುವುದಿಲ್ಲ. ನನ್ನ ಕೇಳಿದರೆ ಇಡೀ ಉತ್ತರದಲ್ಲಿ ಇದೊಂದು ಮಾಡಿದರೂ ಸಾಕು.

ಪಾದ ಮುಚ್ಚುವ ಶೂ ಹಾಕಿ. ಕತ್ತಲಲ್ಲಿ ಕಲ್ಲು, ಗೂಟದ ಹಗ್ಗ, ಒಡೆದ ಬಾಟಲಿ ಯಾವುದೂ ಕಾಣುವುದಿಲ್ಲ. ತಂಗಿಗೆ ವೀಸಿಂಗ್ ಇದ್ದರೆ ಇನ್‌ಹೇಲರ್ ಜೇಬಲ್ಲೇ ಇರಲಿ, ಕಾರಲ್ಲಿ ಬಿಡಬೇಡಿ. ತಣ್ಣನೆ ಗಾಳಿ, ಕುಣಿದು ಎದ್ದ ಧೂಳು, ಸ್ಟೇಜಿನ ಹೊಗೆ ಮೂರೂ ಒಟ್ಟಿಗೆ ಸೇರುವ ಜಾಗ ಅದು. ಇನ್ನು ಮಂಕಿ ಕ್ಯಾಪ್ ಹಾಕಿಕೊಂಡು ಟೆಕ್ನೋಗೆ ಕುಣಿಯುವವರನ್ನೂ ಕಂಡಿದ್ದೇನೆ, ನಗುವವರು ನಗಲಿ. ಅದರೊಳಗೆ ಇಯರ್‌ಪ್ಲಗ್ ಕೂಡ ಇರಲಿ. 100 ಡೆಸಿಬಲ್ ಸದ್ದನ್ನು ಬರಿ ಕಿವಿಯಲ್ಲಿ ದಿನಕ್ಕೆ 15 ನಿಮಿಷಕ್ಕಿಂತ ಜಾಸ್ತಿ ಕೇಳಬಾರದು ಅನ್ನುವುದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆಯ ಲೆಕ್ಕ. ಸ್ಪೀಕರ್ ಮುಂದೆ ಅಷ್ಟು ಸದ್ದು ಸುಲಭವಾಗಿ ಇರುತ್ತದೆ.

"ಚಳಿಗೆ ಒಂದು ಪೆಗ್ ಹಾಕಿದರೆ ಸರಿಹೋಗುತ್ತೆ" ಅನ್ನುವವರು ನಿಮಗೂ ಸಿಗುತ್ತಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದ ಹಾಗೆ ಅನ್ನಿಸುವುದು ಅದಕ್ಕೇ. ನಿಜವಾಗಿ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಕುಡಿಯುವುದು ನಿಮ್ಮಿಷ್ಟ, ಚಳಿಯ ಹೆಸರಲ್ಲಿ ಬೇಡ. ಗ್ಲಾಸ್ ಕೈಯಲ್ಲೇ ಇರಲಿ, ಎಲ್ಲೋ ಇಟ್ಟು ಬಂದದ್ದನ್ನು ಮತ್ತೆ ಕುಡಿಯಬೇಡಿ. ಗಾಡಿ ಓಡಿಸುವವರು ಮುಟ್ಟಲೇಬೇಡಿ. ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಮೊದಲ ಸಲ ಸಿಕ್ಕಿಬಿದ್ದರೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಕುಡಿದು ಹುಲ್ಲಿನ ಮೇಲೆ ಮಲಗಿಬಿಟ್ಟವರನ್ನು ಕಂಡರೆ "ನಿದ್ದೆ ಮಾಡಲಿ ಬಿಡು" ಅಂತ ಮುಂದೆ ಹೋಗಬೇಡಿ. ನಡುಗುವುದು, ಮಾತು ತೊದಲುವುದು, ಕೈಕಾಲು ತಡವರಿಸುವುದು ನಶೆಯಿಂದಲೂ ಆಗಬಹುದು, ಮೈ ತಣ್ಣಗಾಗಿಯೂ ಆಗಬಹುದು. ದೇಹದ ತಾಪಮಾನ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಎಬ್ಬಿಸಿ, ಒಣ ಬಟ್ಟೆ ಹೊದಿಸಿ, ಪೂರ್ತಿ ಎಚ್ಚರ ಇದ್ದರೆ ಮಾತ್ರ ಬಿಸಿ ಬಿಸಿ ಸಿಹಿ ಟೀ ಕೊಡಿ. ಎಚ್ಚರ ಇಲ್ಲ, ಆದರೆ ಉಸಿರಾಡುತ್ತಿದ್ದಾರೆ ಅಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಮೆಡಿಕಲ್ ಟೆಂಟಿನವರನ್ನು ಕರೆಯಿರಿ, ಇಲ್ಲವೇ 108. ನಶೆಯ ಮಾತ್ರೆ ಏನಾದರೂ ತಗೊಂಡಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬಾರದು. ಕೆಲವು ಮಾತ್ರೆಗಳು ಚಳಿಯಲ್ಲೂ ಮೈ ಬಿಸಿಯನ್ನು ವಿಪರೀತ ಏರಿಸುತ್ತವೆ, ಅದರ ಚಿಕಿತ್ಸೆಯೇ ಬೇರೆ.

ಜನಜಂಗುಳಿಯ ವಿಷಯ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಗೇಟಿನ ಹತ್ತಿರವೇ ಹುಷಾರಾಗಿರಬೇಕು ಅನ್ನುವುದನ್ನು ಈ ಊರು ಮರೆತಿಲ್ಲ. ಒಳಗೆ ಹೋದ ತಕ್ಷಣ ಇನ್ನೊಂದು ಗೇಟ್ ಎಲ್ಲಿದೆ ನೋಡಿಕೊಳ್ಳಿ. ನೂಕುನುಗ್ಗಲಲ್ಲಿ ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಮಾಡಿಕೊಳ್ಳಿ, ಎದುರು ತಳ್ಳದೆ ಅಡ್ಡಡ್ಡ ಸರಿಯಿರಿ. ಬಿದ್ದ ಫೋನಿಗೆ ಬಗ್ಗಬೇಡಿ. ಅಣ್ಣ-ತಂಗಿ ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಮಧ್ಯಾಹ್ನವೇ ಒಂದು ಜಾಗ ಗೊತ್ತುಮಾಡಿಕೊಳ್ಳಿ, ರಾತ್ರಿ ಫೋನ್ ಸಿಗುವುದು ನಂಬಿಕೆಯಿಲ್ಲ.

ಬೈಕಲ್ಲಿ ಹೋಗುವುದಾದರೆ ಜರ್ಕಿನ್ ಒಳಗೆ ಎದೆಗೆ ಎರಡು ಮೂರು ಹಾಳೆ ಹಳೇ ನ್ಯೂಸ್ ಪೇಪರ್ ಇಟ್ಟು ಜಿಪ್ ಹಾಕಿ, ದೇವನಹಳ್ಳಿ ಕಡೆಯಿಂದ ಊರಿಗೆ ಬರುವ ಬಳ್ಳಾರಿ ರಸ್ತೆಯ ಗಾಳಿ ಒಳಗೆ ಬರುವುದಿಲ್ಲ. ಬೈಕ್ ಇಲ್ಲದಿದ್ದರೆ ಆ ರಸ್ತೆಯಲ್ಲಿ ರಾತ್ರಿಯೂ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸುಗಳಿವೆ, ಕೆಐಎ-9 ಮೆಜೆಸ್ಟಿಕ್‌ಗೆ ಹೋಗುತ್ತದೆ. ಅಲ್ಲೇ ಟೆಂಟಲ್ಲಿ ಉಳಿಯುವ ಯೋಚನೆ ಇದ್ದರೆ, ನೆಲಕ್ಕೆ ಚಾಪೆ ಹಾಕದೆ ಮಲಗಬೇಡಿ. ಕೆಂಡದ ಬಾಣಲೆಯನ್ನು ಟೆಂಟ್ ಒಳಗೆ ತರಬೇಡಿ, ಕಾರಿನ ಇಂಜಿನ್ ಆನ್ ಇಟ್ಟುಕೊಂಡು ಗಾಜು ಏರಿಸಿ ನಿದ್ದೆ ಮಾಡಬೇಡಿ. ಎರಡರಿಂದಲೂ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಯಲಹಂಕದಲ್ಲಿ ಒಂದು ರೂಮ್ ಮಾಡಿಕೊಂಡರೆ ಈ ತಲೆನೋವೇ ಬೇಡ.